ಕೊಡಗಿನ ಸಭೆಗಳ ಹಿರಿಯರಿಗೆ ಒಬ್ಬ ಹಳೇ ರೈಟರ್ ಬರೆದ ಪತ್ರ

ಕೊಡಗು ಜಿಲ್ಲೆಯ ಎಲ್ಲ ಧರ್ಮಗುರುಗಳಿಗೆ, ಸಭಾಪಾಲಕರಿಗೆ, ಪಾಲನಾ ಪರಿಷತ್ತಿನವರಿಗೆ, ಪಾಸ್ಟರೇಟ್ ಕಮಿಟಿಯವರಿಗೆ, ಹಾಗೂ ತೋಟ ಗದ್ದೆ ಇರುವ ಎಲ್ಲ ಕ್ರೈಸ್ತ ಕುಟುಂಬಗಳಿಗೆ,

ಯೇಸು ಕ್ರಿಸ್ತನ ಹೆಸರಿನಲ್ಲಿ ವಂದನೆಗಳು.

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಲೋಕದ ಬಹಳಷ್ಟು ಚರ್ಚ್‌ಗಳು ಸೃಷ್ಟಿಯ ಕಾಲ ಎಂದು ಆಚರಿಸುತ್ತವೆ. 1989ರಲ್ಲಿ ಆರ್ಥೊಡಾಕ್ಸ್ ಸಭೆಯ ಹಿರಿಯ ಗುರು ದಿಮಿತ್ರಿಯೋಸ್ ಅವರು ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವಾಗಿ ಶುರು ಮಾಡಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಕೆಥೊಲಿಕ್ ಸಭೆಗೂ ತಂದರು. ಕೊನೆಯ ದಿನ ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ನಮ್ಮ ಕೊಡಗಿನಲ್ಲೂ ಆಚರಣೆ ಇದೆ. ಒಂದು ಭಾನುವಾರ ಪ್ರಸಂಗ, ಆಮೇಲೆ ಚರ್ಚ್ ಅಂಗಳದಲ್ಲಿ ಒಂದು ಸಸಿ, ಸಸಿಯ ಸುತ್ತ ಹತ್ತು ಜನ, ಒಂದು ಫೋಟೋ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ. ಹಳೆಯದು ಏನಾಯಿತು ಅಂತ ಯಾರೂ ಕೇಳುವುದಿಲ್ಲ.

ಸಸಿ ನೆಡಬೇಡಿ ಅನ್ನುತ್ತಿಲ್ಲ. ನನ್ನ ಕೋರಿಕೆ ಬೇರೆ. ವಾರ್ಷಿಕ ಸಭೆಯಲ್ಲಿ ಹಣದ ಲೆಕ್ಕ ಓದುತ್ತೀರಲ್ಲ, ಅದರ ಜೊತೆಗೆ ನೆಲದ ಲೆಕ್ಕವನ್ನೂ ಓದಿ. ಸಭೆಯ ಹೆಸರಿನಲ್ಲಿರುವ ತೋಟ, ಗದ್ದೆ, ಶಾಲೆ ಮೈದಾನ, ಸಮಾಧಿ ಜಾಗ, ಬಾವಿ ಇವೆಲ್ಲ ಈ ವರ್ಷ ಹೇಗಿದ್ದವು? ಯಾವ ಮರ ಹೋಯಿತು, ಯಾವುದು ಬಂತು? ನೀರು ಎಲ್ಲಿಂದ ಬಂತು, ಕೊಳಕು ಎಲ್ಲಿಗೆ ಹೋಯಿತು? ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಅಂತ ಹೇಳಲು ಸ್ವಲ್ಪ ಉದ್ದಕ್ಕೆ ಬರೆಯಬೇಕಾಗಿದೆ. ತಾಳ್ಮೆ ಇರಲಿ.

ನಾನು ಅಮ್ಮತ್ತಿ, ಸಿದ್ದಾಪುರದ ಕಡೆ ಕಾಫಿ ಎಸ್ಟೇಟುಗಳಲ್ಲಿ ರೈಟರ್ ಆಗಿದ್ದವನು. ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ಬರೆಯುವುದು, ಆಳುಗಳಿಗೆ ಕೆಲಸ ಹಂಚುವುದು, ಗೊಬ್ಬರದ ಚೀಲ ಎಣಿಸುವುದು, ವಾರದ ಕೊನೆಗೆ ಬಟವಾಡೆ ಮಾಡುವುದು ರೈಟರ್ ಕೆಲಸ. ಧಣಿ ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇರುತ್ತಾರೆ. ತೋಟ ಪೂರ್ತಿ ರೈಟರ್ ಕೈಯಲ್ಲಿ. ಹೊಸದಾಗಿ ಬಂದವರು ಇವನೇ ಧಣಿ ಅಂದುಕೊಳ್ಳುತ್ತಾರೆ. ಕೆಲವು ರೈಟರುಗಳು ತಾವೇ ಹಾಗೆ ಅಂದುಕೊಂಡುಬಿಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ.

ಬೈಬಲಿನಲ್ಲಿ ಮನುಷ್ಯನಿಗೆ ಸಿಕ್ಕಿರುವುದು ಈ ರೈಟರ್ ಕೆಲಸವೇ ಅಂತ ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ. ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ಆದಾಮನನ್ನು ತೋಟದಲ್ಲಿ ಇಟ್ಟದ್ದು ಕೃಷಿ ಮಾಡುವುದಕ್ಕೆ, ಕಾಯುವುದಕ್ಕೆ. ತೋಟ ಬರೆದುಕೊಟ್ಟ ಅಂತ ಎಲ್ಲೂ ಇಲ್ಲ. ಭೂಮಿಯೂ ಅದರಲ್ಲಿರುವುದೆಲ್ಲವೂ ಯೆಹೋವನದು ಅಂತ 24ನೇ ಕೀರ್ತನೆ ಶುರುವಾಗುತ್ತದೆ. ಯಾಜಕಕಾಂಡ 25ರಲ್ಲಿ ಇನ್ನೂ ಖಡಕ್ಕಾಗಿ ಇದೆ. ನೆಲವನ್ನು ಶಾಶ್ವತವಾಗಿ ಮಾರಬೇಡಿ, ಅದು ನನ್ನದು, ನೀವು ನನ್ನ ಆಶ್ರಯದಲ್ಲಿ ಉಳಿದುಕೊಂಡಿರುವ ಪರದೇಶದವರು ಅನ್ನುತ್ತಾನೆ ದೇವರು. ಆರ್‌ಟಿಸಿಯಲ್ಲಿ ನಮ್ಮ ಹೆಸರಿರಬಹುದು. ಅದು ತಾಲ್ಲೂಕು ಕಚೇರಿಯ ಲೆಕ್ಕ.

ಲೂಕ 12ರಲ್ಲಿ ಯೇಸು ಹೇಳಿದ ಒಂದು ಸಾಮ್ಯ, ಅಂದರೆ ನೀತಿಕಥೆ, ಎಸ್ಟೇಟಿನಲ್ಲಿ ದುಡಿದವರಿಗೆ ಬೇಗ ಅರ್ಥವಾಗುತ್ತದೆ. ಯಜಮಾನ ಎಲ್ಲೋ ಹೋಗಿದ್ದಾನೆ. ಮನೆವಾರ್ತೆ ನೋಡಿಕೊಳ್ಳುವವನು ಧಣಿ ಬರುವುದು ತಡ ಅಂದುಕೊಂಡು ಆಳುಗಳನ್ನು ಹೊಡೆಯುತ್ತಾನೆ, ತಿಂದು ಕುಡಿದು ಮತ್ತನಾಗುತ್ತಾನೆ. ಯಜಮಾನ ನೆನೆಸದ ಗಳಿಗೆಯಲ್ಲಿ ಬಂದು ನಿಲ್ಲುತ್ತಾನೆ. ಈಚೆಗೆ ಕೆಲವು ಪ್ರಾರ್ಥನಾ ಕೂಟಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ಕರ್ತನು ಬೇಗ ಬರುತ್ತಾನೆ, ಈ ಭೂಮಿ ಹೇಗೂ ಸುಟ್ಟು ಹೋಗುವಂಥದ್ದು, ಕಾಡು ಹೊಳೆ ಅಂತ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ. ಧಣಿ ನಾಳೆ ಬರುತ್ತಾರೆ ಅಂತ ಗೊತ್ತಾದರೆ ರೈಟರ್ ಏನು ಮಾಡುತ್ತಾನೆ ಹೇಳಿ. ಕಣ ಗುಡಿಸುತ್ತಾನೆ, ಬೇಲಿ ಸರಿ ಮಾಡಿಸುತ್ತಾನೆ, ಪುಸ್ತಕ ಎರಡೆರಡು ಸಲ ನೋಡುತ್ತಾನೆ. ಧಣಿ ಬರುತ್ತಾರೆ ಅಂತ ತೋಟಕ್ಕೆ ಬೆಂಕಿ ಹಾಕಿದ ರೈಟರನ್ನು ನಾನಂತೂ ಕಂಡಿಲ್ಲ.

ಹೊರಗಿನವರಿಂದ ನಮ್ಮ ಮೇಲೆ ಒಂದು ದೂರು ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 1967ರಲ್ಲಿ ಲಿನ್ ವೈಟ್ ಎಂಬ ಅಮೆರಿಕದ ಇತಿಹಾಸಕಾರ ಒಂದು ಲೇಖನ ಬರೆದರು. ಪಶ್ಚಿಮದ ಕ್ರೈಸ್ತ ಧರ್ಮ ಮನುಷ್ಯನನ್ನು ಸೃಷ್ಟಿಯ ಮೇಲೆ ಕೂರಿಸಿತು, ಭೂಮಿ ಹಾಳಾಗುವುದಕ್ಕೆ ಈ ನಂಬಿಕೆಯೂ ಕಾರಣ ಎಂದರು. ಅವರು ಕೈ ತೋರಿಸಿದ್ದು ಆದಿಕಾಂಡದ ಮೊದಲನೇ ಅಧ್ಯಾಯಕ್ಕೆ. ಅಲ್ಲಿ ಭೂಮಿಯನ್ನು ವಶಮಾಡಿಕೊಳ್ಳಿರಿ, ಮೀನು ಹಕ್ಕಿ ಪ್ರಾಣಿಗಳ ಮೇಲೆ ದೊರೆತನ ಮಾಡಿರಿ ಅಂತ ಇದೆ. ಆ ದೂರಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆ ವಚನ ಹಿಡಿದುಕೊಂಡು ಕಾಡು ಕಡಿದವರಿದ್ದಾರೆ. ಆದರೆ ಬೈಬಲಿನ ದೇವರಿಗೆ ದೊರೆಗಳ ಬಗ್ಗೆ ಏನು ಅಭಿಪ್ರಾಯ ಇತ್ತು ಅನ್ನುವುದನ್ನೂ ಓದಬೇಕಲ್ಲ. ಯೆಹೆಜ್ಕೇಲ 34 ತೆಗೆದು ನೋಡಿ. ಕುರಿಗಳನ್ನು ಮೇಯಿಸುವ ಬದಲು ತಾವೇ ಮೇಯ್ದ ಕುರುಬರನ್ನು ದೇವರು ಹೇಗೆ ಬೈಯುತ್ತಾನೆ! ಅದೇ ಅಧ್ಯಾಯದಲ್ಲಿ ಕೊಬ್ಬಿದ ಕುರಿಗಳಿಗೂ ಒಂದು ಮಾತಿದೆ. ಒಳ್ಳೆಯ ಹುಲ್ಲು ಮೇಯ್ದದ್ದು ಸಾಲದೆ ಉಳಿದದ್ದನ್ನು ತುಳಿಯಬೇಕೇ, ತಿಳಿನೀರು ಕುಡಿದದ್ದು ಸಾಲದೆ ಮಿಕ್ಕದ್ದನ್ನು ಕಾಲಿನಿಂದ ಕಲಕಬೇಕೇ?

ಈ ವಚನವನ್ನು ಕೊಡಗಿನವರು ಎರಡು ಸಲ ಓದಬೇಕು. ಯಾಕಂದರೆ ಕಾವೇರಿಯ ತಿಳಿನೀರು ಮೊದಲು ಕುಡಿಯುವವರು ನಾವು.

ಕಾಫಿ ಕೊಯ್ಲಿನ ಕಾಲದ ತೋಡುಗಳನ್ನು ನೆನಪಿಸಿಕೊಳ್ಳಿ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗುತ್ತದೆ. ಹಣ್ಣನ್ನು ಪಲ್ಪರಿಗೆ ಹಾಕಿ, ಸಿಪ್ಪೆ ತೆಗೆದು, ಲೋಳೆ ಹೋಗುವ ತನಕ ತೊಳೆದರೆ ಪಾರ್ಚ್‌ಮೆಂಟ್ ಸಿಗುತ್ತದೆ. ಹಣ್ಣನ್ನು ಹಾಗೇ ಒಣಗಿಸಿದ ಚೆರ್ರಿಗಿಂತ ಅದಕ್ಕೆ ಬೆಲೆ ಜಾಸ್ತಿ. ಆದರೆ ಆ ತೊಳೆದ ನೀರಿನಲ್ಲಿ ಸಕ್ಕರೆ ಅಂಶ ತುಂಬಾ ಇರುತ್ತದೆ. ಅದು ಹುಳಿಯಾಗಿ ಕೊಳೆಯುತ್ತದೆ. ತೋಡಿಗೆ ಬಿಟ್ಟರೆ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಮೀನು, ಏಡಿ ಸಾಯುತ್ತವೆ. ಮಳೆಗಾಲದಲ್ಲಾದರೆ ಕೊಚ್ಚಿಕೊಂಡು ಹೋಗಬಹುದು. ಕೊಯ್ಲು ಬರುವುದೇ ಮಳೆ ನಿಂತು ತೋಡು ಸೊರಗುವ ಹೊತ್ತಿಗೆ. ಕೆಳಗಿನ ಲೈನ್‌ಮನೆಗಳಲ್ಲಿರುವ ಆಳುಗಳು ಅದೇ ತೋಡಿನಲ್ಲಿ ಬಟ್ಟೆ ಒಗೆಯುತ್ತಾರೆ, ದನ ಅಲ್ಲೇ ಕುಡಿಯುತ್ತದೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಕಡಿಮೆ ನೀರು ಸಾಕಾಗುವ ಪಲ್ಪರ್ ಬಂದಿದೆ. ಒಮ್ಮೆ ಬಳಸಿದ ನೀರನ್ನೇ ಸಿಪ್ಪೆ ತೆಗೆಯಲು ಮತ್ತೆ ಬಳಸಬಹುದು. ಉಳಿದದ್ದನ್ನು ಗುಂಡಿಯಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಹುಳಿ ಕಡಿಮೆ ಮಾಡಿ ಆಮೇಲೆ ತೋಟಕ್ಕೇ ಬಿಡಬಹುದು. ಸಿಪ್ಪೆ ಒಳ್ಳೆಯ ಗೊಬ್ಬರ. ಖರ್ಚು ಇದೆ, ಒಪ್ಪುತ್ತೇನೆ. ಆದರೆ ನಾನು ಕೆಲಸ ಮಾಡಿದ ಒಂದು ತೋಟದಲ್ಲಿ ಗುಂಡಿ ಇತ್ತು. ಅಧಿಕಾರಿಗಳು ಬರುವ ದಿನ ನೀರು ಗುಂಡಿಗೆ ಹೋಗುತ್ತಿತ್ತು, ಬಾಕಿ ದಿನ ರಾತ್ರಿ ತೋಡಿಗೆ. ಆ ಮನೆಯವರು ಕ್ರೈಸ್ತರೋ ಅಲ್ಲವೋ ಅಂತ ಹೇಳಲು ಹೋಗುವುದಿಲ್ಲ. ಅದೇ ಭಾನುವಾರ ನಾವು ದೇವಾಲಯದಲ್ಲಿ ಒಳ್ಳೆಯ ಬೆಲೆ ಸಿಗಲಿ, ಕಣದಲ್ಲಿರುವಾಗ ಮಳೆ ಬಾರದಿರಲಿ ಅಂತ ಪ್ರಾರ್ಥಿಸುತ್ತೇವೆ. ನೀರು ಕೆಟ್ಟರೆ ಪ್ರಾರ್ಥನೆ ಯಾರಿಗೆ ಮುಟ್ಟುತ್ತದೆ ಅಂತ ನನಗೆ ಅನುಮಾನ.

ನಾವು ಈ ನೆಲಕ್ಕೆ ಬಂದ ಬಗೆಯನ್ನೂ ಒಮ್ಮೆ ನೆನೆಯಬೇಕು. ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟಂಟ್ ಸಭೆಯವನು. ಹೆಂಡತಿಯ ಕಡೆಯವರು ವಿರಾಜಪೇಟೆಯ ಕೊಂಕಣಿ ಕೆಥೊಲಿಕರು. ಅವರ ಹಿರಿಯರು ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರು. ಅವರಿಗೆ ನೆಲೆ ಕೊಟ್ಟದ್ದು ಹಾಲೇರಿ ವಂಶದ ದೊಡ್ಡವೀರರಾಜೇಂದ್ರ. ಲಿಂಗಾಯತ ಅರಸ. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ ಶುರುವಾದದ್ದು ಆ ಅರಸ ಕೊಟ್ಟ ನೆಲದಲ್ಲಿ. ನಮ್ಮ ಕಡೆಯ ಕಥೆ ಬೇರೆ. 1853ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದವರು ಇವರೇ. ಜೀತದಲ್ಲಿದ್ದ ದಲಿತ ಕುಟುಂಬಗಳು ಅವರ ಬಳಿ ಬಂದವು, ಆನಂದಪುರ ಎಂಬ ಊರು ಎದ್ದಿತು, ಅಲ್ಲಿ ಕಾಫಿಯನ್ನೂ ಬೆಳೆಸಿದರು. ನಮ್ಮ ಹಿರಿಯರು ಆ ಕುಟುಂಬಗಳಲ್ಲಿ ಸೇರಿದವರು. ತಲೆತಲಾಂತರ ಬೇರೆಯವರ ಗದ್ದೆಯಲ್ಲಿ ದುಡಿದವರಿಗೆ ಕಾಲೂರಲು ನೆಲ ಸಿಕ್ಕಿದ್ದು ಸಣ್ಣ ವಿಷಯವಲ್ಲ. ಅದನ್ನು ಹಗುರ ಮಾಡಿ ಮಾತಾಡುವವನು ನಾನಲ್ಲ. ಮಲಯಾಳಿ ಕ್ರೈಸ್ತರು, ತಮಿಳು ಕ್ರೈಸ್ತರು ಆಮೇಲೆ ಬಂದರು, ಹೊಟ್ಟೆಪಾಡಿಗೆ.

ಇವರಲ್ಲಿ ಯಾರೂ ಈ ನೆಲಕ್ಕೆ ಮೊದಲಿನಿಂದ ಧಣಿಗಳಾಗಿರಲಿಲ್ಲ. ಒಬ್ಬರು ನಿರಾಶ್ರಿತರು, ಒಬ್ಬರು ಜೀತದಾಳುಗಳು, ಒಬ್ಬರು ಕೂಲಿ ಹುಡುಕಿಕೊಂಡು ಬಂದವರು. ಆಶ್ರಯದಲ್ಲಿ ಉಳಿದ ಪರದೇಶದವರು ಅಂತ ಯಾಜಕಕಾಂಡ ಹೇಳಿದ್ದು ಇಸ್ರಾಯೇಲಿನವರಿಗೆ. ಕೊಡಗಿನ ಕ್ರೈಸ್ತರಿಗೆ ಅದು ನಿಜವಾಗಿ ಮನೆತನದ ಚರಿತ್ರೆ. 2011ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿ ನಾವು ಶೇಕಡಾ 3ರ ಆಸುಪಾಸು. ಧಣಿಗಳ ಗತ್ತು ನಮಗೆ ಹೊಂದುವುದಿಲ್ಲ.

ಧಣಿಗಳಾಗಿದ್ದ ಕ್ರೈಸ್ತರೂ ಇದ್ದರು, ಅದನ್ನೂ ಹೇಳಬೇಕು. 1854ರಲ್ಲಿ ಜಾನ್ ಫೌಲರ್ ಎಂಬ ಇಂಗ್ಲಿಷಿನವರು ಮಡಿಕೇರಿ ಬಳಿ ಕಾಫಿ ತೋಟ ಮಾಡಿದರು. ಅವರ ಹಿಂದೆ ಬಿಳಿಯರ ಸಾಲೇ ಬಂತು. ಬೆಟ್ಟದ ಕಾಡು ಬೋಳಾಯಿತು. ಭಾನುವಾರ ಅವರೂ ಪ್ರಾರ್ಥನೆಗೆ ಹೋಗುತ್ತಿದ್ದರು. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ ಆ ಕಾಲದ್ದು. ಈಗ ಅದು ಸರ್ಕಾರದ ವಸ್ತುಸಂಗ್ರಹಾಲಯ.

ಈಗ 2018ರ ಮಾತು. ಆ ಆಗಸ್ಟ್ ಯಾರಿಗೂ ಮರೆಯುವಂಥದ್ದಲ್ಲ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಕಾಲೂರು, ಮುಕ್ಕೋಡ್ಲು. ಬೆಟ್ಟ ಮನೆ ತೋಟ ಒಟ್ಟಿಗೆ ಜಾರಿ ಹೋದವು. ಮರುವರ್ಷ ತೋರ ಎಂಬ ಊರು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಶಾಲೆ, ಸಮುದಾಯ ಭವನ, ಚರ್ಚ್, ಮಸೀದಿ ಅಂತ ನೋಡದೆ ಜನ ಆಶ್ರಯ ಪಡೆದರು, ಆಶ್ರಯ ಕೊಟ್ಟರು. ಆ ದಿನಗಳಲ್ಲಿ ಎಲ್ಲ ಧರ್ಮದವರ ಬಾಯಲ್ಲೂ ಒಂದು ಮಾತು ಬಂತು. ಇದು ದೇವರ ಕೋಪ, ಯಾರೋ ಮಾಡಿದ ಪಾಪ. ನಮ್ಮವರಲ್ಲಿ ಕೆಲವರು ಸ್ವಲ್ಪ ಜೋರಾಗೇ ಹೇಳಿದರು. ಬೇರೆಯವರ ದೇವಸ್ಥಾನದ ಬೆಟ್ಟ ಕುಸಿದಾಗ ಇನ್ನೂ ಜೋರಾಗಿ.

ಇವರಿಗೆ ಲೂಕ 13 ಕಣ್ಣಿಗೆ ಬಿದ್ದಿಲ್ಲವೇ? ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತರು. ಅವರು ಯೆರೂಸಲೇಮಿನ ಬಾಕಿ ಜನರಿಗಿಂತ ದೊಡ್ಡ ಪಾಪಿಗಳು ಅಂತ ತಿಳಿಯುತ್ತೀರೋ ಎಂದು ಯೇಸು ಕೇಳಿದ. ಇಲ್ಲ ಅಂತ ತಾನೇ ಉತ್ತರ ಕೊಟ್ಟ. ನೀವು ಮನಸ್ಸು ತಿರುಗಿಸಿಕೊಳ್ಳಿ ಅಂತ ಕೇಳುಗರ ಕಡೆಗೇ ಬೊಟ್ಟು ಮಾಡಿದ. ಸತ್ತವರ ಪಾಪದ ಲೆಕ್ಕ ಹಾಕುವ ಅಧಿಕಾರ ನಮಗಿಲ್ಲ. ಬುರುಜು ಯಾಕೆ ಬಿತ್ತು, ಪಾಯ ಹೇಗಿತ್ತು ಅಂತ ಕೇಳಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು 2018ರಲ್ಲಿ ಬಂದು ನೋಡಿ ಹೇಳಿದ್ದು ಸರಳವಾಗಿತ್ತು. ಮಳೆ ವಿಪರೀತ ಬಂದದ್ದು ಹೌದು. ಆದರೆ ರಸ್ತೆಗೆ, ಮನೆಗೆ, ತೋಟಕ್ಕೆ ಅಂತ ಇಳಿಜಾರನ್ನು ಕಡಿದು ಬದಲಿಸಿದ್ದು ಕುಸಿತಕ್ಕೆ ದೊಡ್ಡ ಕಾರಣ. ಜೆಸಿಬಿ ಬಂದು ಎರಡು ದಿನದಲ್ಲಿ ಬೆಟ್ಟದ ಬುಡ ಕೆರೆದು ಸಮತಟ್ಟು ಮಾಡಿ ಹೋಗುತ್ತದೆ. ಮೇಲಿನ ಮಣ್ಣಿಗೆ ಆಸರೆ ಇಲ್ಲ. ಮೂರು ದಿನ ಬಿಡದೆ ಸುರಿದರೆ ಅದು ಕೆಳಗೆ ಬಂದೇ ಬರುತ್ತದೆ. ಇದಕ್ಕೆ ದೇವರ ಕೋಪ ಬೇಕಾಗಿಲ್ಲ.

ಇಲ್ಲಿ ಸಭೆಗಳನ್ನು ನೇರವಾಗಿ ಕೇಳುತ್ತೇನೆ. 2018ರ ನಂತರ ಎಷ್ಟು ಚರ್ಚ್ ಹಾಲ್‌ಗಳು, ಗುರುಗಳ ಮನೆಗಳು, ಶಾಲೆಯ ಹೊಸ ಕಟ್ಟಡಗಳು ಬೆಟ್ಟ ಕಡಿದು ಎದ್ದವು? ಕಟ್ಟುವ ಮುಂಚೆ ನೀರು ಹರಿಯುವ ದಾರಿ ಯಾರಾದರೂ ನೋಡಿದರೇ? ಹೋಂಸ್ಟೇಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಮನೆಗೆ ಮನೆ ಕೂಡಿಸಿ, ಹೊಲಕ್ಕೆ ಹೊಲ ಸೇರಿಸಿ, ಬೇರೆಯವರಿಗೆ ಸ್ಥಳವೇ ಇಲ್ಲದಂತೆ ಮಾಡುವವರ ಗತಿಯನ್ನು ಏನೆಂದು ಹೇಳಲಿ ಅಂತ ಯೆಶಾಯ 5ರಲ್ಲಿ ಇದೆ. ಅಲ್ಲಿಗೆ ಸಾಕು.

ಮರದ ವಿಷಯಕ್ಕೆ ಬರುತ್ತೇನೆ. ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ.

ಕೊಡಗಿನ ಕಾಫಿ ನೆರಳಿನ ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಇಲ್ಲಿಂದ ಹೋಗುತ್ತದೆ. ಅದು ಅತ್ತಿ, ಬಸರಿ, ಹಲಸು, ನೇರಳೆ, ಬೀಟೆ, ಹೊನ್ನೆ, ನಂದಿ, ಹಾಲುವಾಣಗಳ ಕೆಳಗೆ ಬೆಳೆದ ಕಾಫಿ. ಇದು ಬೆಳೆಗಾರರ ಔದಾರ್ಯ ಅಂತ ಅಲ್ಲ. ಅರೇಬಿಕಾಕ್ಕೆ ದಟ್ಟ ನೆರಳು ಬೇಕು, ಬಿಸಿಲು ಜಾಸ್ತಿಯಾದರೆ ಕಾಂಡಕೊರಕ ಬರುತ್ತದೆ. ರೊಬಸ್ಟಾಕ್ಕೆ ಅಷ್ಟು ನೆರಳು ಬೇಡ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಇದೆ. ಹಾಗಾಗಿ ಅರೇಬಿಕಾ ಹೋಗಿ ರೊಬಸ್ಟಾ ಬಂದ ಕಡೆಯಲ್ಲೆಲ್ಲ ಮೇಲಿನ ಮರವೂ ತೆಳುವಾಯಿತು. ಕಾಡುಮರದ ಜಾಗಕ್ಕೆ ಸಿಲ್ವರ್ ಓಕ್ ಬಂತು. ಆಸ್ಟ್ರೇಲಿಯಾದ ಮರ. ನೆಟ್ಟಗೆ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿ ಹಬ್ಬಿಸಬಹುದು. ಎಲ್ಲಕ್ಕಿಂತ ಮುಖ್ಯ, ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕಾಗಿಲ್ಲ. ಬೀಟೆ ಮರ ಜಮೀನಿನಲ್ಲಿದ್ದರೂ ಅದರ ಹಕ್ಕು ರೈತನದ್ದೋ ಸರ್ಕಾರದ್ದೋ ಅಂತ ಕೊಡಗಿನಲ್ಲಿ ಹಳೆಯ ತಕರಾರು ಇದೆ. ತನ್ನದಲ್ಲದ ಮರವನ್ನು ರೈತ ಯಾಕೆ ಸಾಕುತ್ತಾನೆ? ಸರ್ಕಾರದ ಕಾನೂನೇ ಕಾಡುಮರಕ್ಕೆ ಶತ್ರುವಾದದ್ದು ಹೀಗೆ. ಸಣ್ಣ ಬೆಳೆಗಾರರನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ.

ಆದರೆ ದೊಡ್ಡ ತೋಟದವರಿಗೆ, ಸಭೆಗಳ ತೋಟಗಳಿಗೆ ಆ ನೆಪ ಇಲ್ಲ. 2024, 2025ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಬೆಲೆ ಬಂದ ಕೂಡಲೇ ಇನ್ನಷ್ಟು ಬಿಸಿಲು ಬೇಕು, ಇನ್ನಷ್ಟು ಗಿಡ ಬೇಕು ಅನ್ನಿಸುತ್ತದೆ. ಬೆಳೆ ತುಂಬಿ ಬಂದಾಗ ಕಣಜ ಕಿತ್ತು ದೊಡ್ಡ ಕಣಜ ಕಟ್ಟಲು ಹೊರಟ ಶ್ರೀಮಂತನ ಕಥೆ ಯೇಸು ಹೇಳಿದ್ದಾನೆ. ಅವನು ಕಳ್ಳನಲ್ಲ, ಮೋಸಗಾರನಲ್ಲ. ಒಳ್ಳೆಯ ರೈತ. ಸಾಕು ಅನ್ನುವುದು ಗೊತ್ತಿರಲಿಲ್ಲ, ಅಷ್ಟೇ. ನಷ್ಟದ ವರ್ಷಗಳಲ್ಲಿ ಮರ ಉಳಿಸಿ ಅಂತ ಹೇಳಲು ನನಗೂ ಬಾಯಿ ಬರುತ್ತಿರಲಿಲ್ಲ. ಬೆಲೆ ಇರುವಾಗಲೂ ಹೇಳದಿದ್ದರೆ ಯಾವಾಗ ಹೇಳುವುದು?

ಇಲ್ಲಿ ನಮ್ಮ ಕೊಡವ, ಗೌಡ ನೆರೆಯವರಿಂದ ಕಲಿಯುವುದಿದೆ. ದೇವರಕಾಡಿಗೆ ಕೊಡಲಿ ತೆಗೆದುಕೊಂಡು ಹೋಗುವಂತಿಲ್ಲ. ಒಣಗಿ ಬಿದ್ದ ಕೊಂಬೆಯನ್ನೂ ಮನೆಗೆ ತರದ ಊರುಗಳಿವೆ. ಜಿಲ್ಲೆಯಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡುಗಳಿವೆ. ಆದರೆ 1905ರಲ್ಲಿ 15 ಸಾವಿರ ಎಕರೆಗೂ ಮೀರಿ ಇದ್ದದ್ದು 1985ರ ಹೊತ್ತಿಗೆ 6 ಸಾವಿರ ಚಿಲ್ಲರೆ ಎಕರೆಗೆ ಇಳಿದಿತ್ತು. ಒತ್ತುವರಿ ಮಾಡಿದವರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದಾರೆ. ನಮ್ಮವರಲ್ಲಿ ಕೆಲವರಿಗೆ ದೇವರಕಾಡು ಅಂದರೆ ಅಂಜಿಕೆ, ವಿಗ್ರಹಾರಾಧನೆ ಅಂತ. ಯಾರೂ ಅಲ್ಲಿ ಕೈ ಮುಗಿಯಿರಿ ಅನ್ನುತ್ತಿಲ್ಲ. ಏಳನೇ ವರ್ಷ ಹೊಲವನ್ನು ಹಾಗೇ ಬಿಡಿ, ಬಡವರು ತಿನ್ನಲಿ, ಅವರು ಬಿಟ್ಟದ್ದನ್ನು ಕಾಡುಮೃಗಗಳು ತಿನ್ನಲಿ ಅಂತ ವಿಮೋಚನಕಾಂಡ 23ರಲ್ಲಿ ದೇವರೇ ಹೇಳಿದ್ದಾನೆ. ಮನುಷ್ಯನ ಕೈ ತಾಗದ ಒಂದಿಷ್ಟು ಜಾಗ ಇರಬೇಕು ಅನ್ನುವುದು ನಮ್ಮ ಪುಸ್ತಕದಲ್ಲೂ ಇದೆ. ನಾವು ಅದನ್ನು ನಡೆಸಲಿಲ್ಲ, ನೆರೆಯವರು ತಮ್ಮ ರೀತಿಯಲ್ಲಿ ನಡೆಸಿದರು. ಯೋಬನ ಪುಸ್ತಕದ ಕೊನೆಯಲ್ಲಿ ದೇವರು ಯೋಬನನ್ನು ಕೇಳುತ್ತಾನೆ, ಮನುಷ್ಯರೇ ಇಲ್ಲದ ನೆಲದ ಮೇಲೆ ಮಳೆ ಸುರಿಸುವವರು ಯಾರು ಅಂತ. ಪುಷ್ಪಗಿರಿಯ ಕಡೆ ಮಳೆಗಾಲದಲ್ಲಿ ಹೋದವರಿಗೆ ಆ ಪ್ರಶ್ನೆ ಚೆನ್ನಾಗಿ ಕೇಳಿಸುತ್ತದೆ. ಆ ಮಳೆ ನಮ್ಮ ಕಾಫಿಗೆ ಅಂತ ಬರುವುದಲ್ಲ.

ಆನೆಯ ಸುದ್ದಿ ತೆಗೆಯದೆ ಸಿದ್ದಾಪುರದವರು ಪತ್ರ ಬರೆಯಲು ಆಗುತ್ತದಾ? 104ನೇ ಕೀರ್ತನೆಯಲ್ಲಿ ರಾತ್ರಿಗೂ ಹಗಲಿಗೂ ಪಾಳಿ ಹಂಚಿದ್ದಾರೆ. ಕತ್ತಲಾದಾಗ ಕಾಡಿನ ಮೃಗಗಳು ಹೊರಡುತ್ತವೆ, ದೇವರಿಂದ ಆಹಾರ ಕೇಳುತ್ತವೆ. ಸೂರ್ಯ ಹುಟ್ಟಿದಾಗ ಅವು ಮರಳುತ್ತವೆ, ಆಗ ಮನುಷ್ಯ ಕೆಲಸಕ್ಕೆ ಹೊರಡುತ್ತಾನೆ, ಸಂಜೆ ತನಕ ದುಡಿಯುತ್ತಾನೆ. ನಮ್ಮಲ್ಲಿ ಆ ಪಾಳಿ ಕೆಟ್ಟುಹೋಗಿದೆ. ತೋಟದಲ್ಲಿ ಹಲಸು ಇದೆ, ಕೆರೆ ಇದೆ, ಅಡಗಲು ಕಾಫಿ ಗಿಡ ಇದೆ. ಆನೆ ಹಗಲೂ ಅಲ್ಲೇ ಇರುತ್ತದೆ. ಸಾಯುವವರು ಯಾರು? ಬೆಳಗ್ಗೆ ಮಂಜಿನಲ್ಲಿ ಕೆಲಸಕ್ಕೆ ನಡೆದು ಬರುವ ಆಳುಗಳು. ಯರವರು, ಜೇನು ಕುರುಬರು, ಹೊರಗಿನಿಂದ ಬಂದ ಕೂಲಿಯವರು. ಧಣಿ ಜೀಪಿನಲ್ಲಿ ಬರುತ್ತಾರೆ. ಆನೆ ಇದೆ ಅಂತ ಸುದ್ದಿ ಬಂದರೂ ಹಾಜರಿ ಸಮಯ ಮುಂದೆ ಹಾಕದ ತೋಟಗಳನ್ನು ನಾನು ನೋಡಿದ್ದೇನೆ. ಅರ್ಧ ಗಂಟೆ ತಡವಾದರೆ ಅರ್ಧ ದಿನದ ಸಂಬಳ ಕಟ್.

ಆನೆಯನ್ನು ಹಿಡಿದು ಸಾಗಿಸಿ ಅಂತ ಅರ್ಜಿಗೆ ಸಹಿ ಹಾಕಿಸಲು ಚರ್ಚ್ ಅಂಗಳಕ್ಕೂ ಬರುತ್ತಾರೆ. ಕೆಲವೊಮ್ಮೆ ಅದು ಬೇಕಾಗಲೂಬಹುದು. ಆದರೆ ಬೆಳಕು ಹರಿಯುವ ತನಕ ಕೆಲಸಕ್ಕೆ ಕರೆಯುವುದಿಲ್ಲ, ಲೈನ್‌ಮನೆಯ ಹತ್ತಿರ ಶೌಚಾಲಯ ಇರುತ್ತದೆ, ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದಿಲ್ಲ ಅಂತ ಕ್ರೈಸ್ತ ತೋಟದವರು ತಾವಾಗಿ ಒಂದು ಮಾತು ಕೊಡಬಹುದಲ್ಲ? ಪೋಪ್ ಫ್ರಾನ್ಸಿಸ್ 2015ರ ಪತ್ರದಲ್ಲಿ ಭೂಮಿಯ ಅಳುವನ್ನೂ ಬಡವರ ಅಳುವನ್ನೂ ಒಟ್ಟಿಗೆ ಕೇಳಬೇಕು ಅಂದಿದ್ದರು. ಲೈನ್‌ಮನೆಯಲ್ಲಿ ಅದು ಎರಡಾಗಿ ಕೇಳುವುದೇ ಇಲ್ಲ.

ಇನ್ನು ಗದ್ದೆ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಕೊಂಕಣಿ ಮನೆಗಳಲ್ಲಿ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತರುತ್ತಾರೆ, ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ, ತರಕಾರಿ ಊಟ. ನನ್ನ ಮಾವನ ಮನೆಯಲ್ಲಿ ಆ ಊಟ ಉಂಡವನಿಗೆ ಅದರ ರುಚಿ ಗೊತ್ತು. ಇದು ಕರಾವಳಿಯಿಂದ ಬಂದ ಹಬ್ಬ. ಅಲ್ಲಿ ಆ ಹೊತ್ತಿಗೆ ತೆನೆ ಬರುತ್ತದೆ. ನಮ್ಮಲ್ಲಿ ಕೊಯ್ಲು ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ, ಹಾಗಾಗಿ ಹಬ್ಬಕ್ಕೆ ತೆನೆ ಬೇರೆ ಕಡೆಯಿಂದ ತರಿಸುವುದು ಮೊದಲಿಂದ ಇದ್ದದ್ದೇ. ಬೇಸರ ಅದಲ್ಲ. ತೆನೆಯನ್ನು ಆಶೀರ್ವದಿಸುವ ಊರಿನಲ್ಲಿ ಗದ್ದೆಯೇ ಇಲ್ಲದಂತಾಗುತ್ತಿದೆ. ಕೆಲವು ಪಾಳು ಬಿದ್ದಿವೆ. ಕೆಲವಕ್ಕೆ ಶುಂಠಿ ಬಂತು, ಜೊತೆಗೆ ವಿಷದ ಡಬ್ಬಗಳು. ಕೆಲವಕ್ಕೆ ಮಣ್ಣು ತುಂಬಿ ಸೈಟ್ ಮಾಡಿದರು. ಬತ್ತದಿಂದ ನಷ್ಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆಗಾಲದಲ್ಲಿ ನೀರು ನಿಲ್ಲಿಸಿಕೊಂಡು ಬೇಸಿಗೆಗೆ ಬಾವಿಗಳಿಗೆ ಇಳಿಸುತ್ತಿದ್ದದ್ದು ಆ ಬಯಲೇ. ಸಭೆಯ ಹೆಸರಿನಲ್ಲಿ ಗದ್ದೆ ಇದ್ದರೆ ದಯವಿಟ್ಟು ಮಾರಬೇಡಿ, ಮಣ್ಣು ತುಂಬಬೇಡಿ. ಯುವಜನ ಸಂಘದವರು ನಾಟಿ ಮಾಡಲಿ. ಬೆಳೆದ ಅಕ್ಕಿಯಲ್ಲಿ ಸಭೆಯ ಊಟ ಆಗಲಿ. ನಷ್ಟವಾದರೆ ಅದು ಹಬ್ಬದ ಖರ್ಚಿಗೆ ಬರೆಯಿರಿ. ಪಟಾಕಿ, ಫ್ಲೆಕ್ಸ್‌ಗಳಿಗೆ ಬರೆಯುವುದಿಲ್ಲವೇ?

ನೆಲದ ಲೆಕ್ಕದ ಪುಸ್ತಕಕ್ಕೆ ವಿಜ್ಞಾನಿಗಳು ಬೇಕಾಗಿಲ್ಲ. ನಲವತ್ತು ಪುಟದ ನೋಟ್‌ಬುಕ್ ಸಾಕು. ಮೊದಲ ವರ್ಷ ಮರಗಳನ್ನು ಹೆಸರು ಹಿಡಿದು ಬರೆಯಿರಿ. ಕಾಡುಮರ ಎಷ್ಟು, ಸಿಲ್ವರ್ ಓಕ್ ಎಷ್ಟು. ಮಾರಿದ ಮರ ಯಾವುದು, ಯಾರ ಅಪ್ಪಣೆ. ಬಾವಿಯ ನೀರು ಏಪ್ರಿಲ್‌ನಲ್ಲಿ ಎಷ್ಟು ಅಡಿಗೆ ಇಳಿಯಿತು. ಪಲ್ಪರ್ ಇದ್ದರೆ ಅದರ ನೀರು ಎಲ್ಲಿಗೆ ಹೋಯಿತು. ಕಳೆನಾಶಕ ಎಷ್ಟು ಕ್ಯಾನ್ ತಂದರು, ಹೊಡೆದವರಿಗೆ ಕೈಗವಸು ಇತ್ತಾ. ಲೈನ್‌ಮನೆಯ ಶೌಚಾಲಯದ ಬಾಗಿಲು ಮುಚ್ಚುತ್ತದಾ. ಸಮಾಧಿ ಜಾಗದ ಪ್ಲಾಸ್ಟಿಕ್ ಹೂಮಾಲೆಗಳನ್ನು ಸುಟ್ಟರೋ, ಬೇರೆ ಕಡೆ ಕಳಿಸಿದರೋ. ಸತ್ತವರನ್ನು ನೆನೆಯುವ ಸಕಲ ಆತ್ಮಗಳ ದಿನ ಕಳೆದ ಮೇಲೆ ನಮ್ಮ ಸಮಾಧಿ ಜಾಗಗಳನ್ನು ನೋಡಿದವರಿಗೆ ಈ ಪ್ರಶ್ನೆ ಯಾಕೆ ಅಂತ ಗೊತ್ತು. ಗುಡ್ಡ ಕಡಿಯುವ ಕೆಲಸ ಏನೇ ಇದ್ದರೂ ಮೊದಲೇ ಸಭೆಯ ಮುಂದೆ ಓದಬೇಕು.

ಸರ್ಕಾರಕ್ಕೆ ಅರ್ಜಿ ಕೊಡುವುದು ಬೇಡ ಅಂತಲ್ಲ. ಹೊಳೆಗೆ ಬಿಡುವ ಪಟ್ಟಣಗಳ ಚರಂಡಿ, ಮಿತಿಯಿಲ್ಲದ ರೆಸಾರ್ಟು, ಮರದ ಹಕ್ಕಿನ ಗೊಂದಲ ಇವೆಲ್ಲ ಸರ್ಕಾರವೇ ಸರಿ ಮಾಡಬೇಕು. ನಮ್ಮ ಪುಸ್ತಕ ಕೈಯಲ್ಲಿ ಹಿಡಿದು ಹೋದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮಾತಿಗೆ ಸ್ವಲ್ಪ ತೂಕ ಬರಬಹುದು.

ಮೊದಲ ವರ್ಷದ ಲೆಕ್ಕ ಚೆನ್ನಾಗಿರುವುದಿಲ್ಲ. ಓದುವಾಗ ಯಾರದಾದರೂ ಮುಖ ಕೆಂಪಾಗಬಹುದು, ದೊಡ್ಡ ದಾನಿಗಳಿಗೆ ಸಿಟ್ಟು ಬರಬಹುದು. ಆದರೂ ಪೂರ್ತಿ ಓದಿ. ಮರ ಎಣಿಸಲು, ಪುಸ್ತಕ ಬರೆಯಲು ಜನ ಸಿಗದಿದ್ದರೆ ಹೇಳಿ ಕಳಿಸಿ. ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟದ ಕಡೆಯ ಸಭೆ ಯಾವುದೇ ಆಗಲಿ, ಕೆಥೊಲಿಕರದ್ದಾದರೂ ಸರಿ, ನಮ್ಮದಾದರೂ ಸರಿ, ನಾನೇ ಬಂದು ಬರೆದುಕೊಡುತ್ತೇನೆ.

ಇಂತಿ ನಿಮ್ಮ ಸಹೋದರ,
ಒಬ್ಬ ನಿವೃತ್ತ ಎಸ್ಟೇಟ್ ರೈಟರ್
ಅಮ್ಮತ್ತಿ ಹೋಬಳಿ, ಕೊಡಗು